ಸ್ಪಾರ್ತಕ್ ಎಂಬ ಘರಾನೆ

1976ರ ಶರತ್ಕಾಲದ ಸೋವಿಯತ್ ಚಾಂಪಿಯನ್‌ಷಿಪ್‌ನಲ್ಲಿ ಹದಿನಾರು ತಂಡಗಳಿದ್ದವು. ಮಾಸ್ಕೋದ ಸ್ಪಾರ್ತಕ್ ಹದಿನೈದನೆಯದಾಗಿ ಉಳಿದು ಕೆಳದರ್ಜೆಗೆ ಜಾರಿತು. ಅಷ್ಟರಲ್ಲಾಗಲೇ ಒಂಬತ್ತು ಸಲ ಲೀಗ್ ಗೆದ್ದಿದ್ದ, ದೇಶದಲ್ಲೇ ಅತಿ ಹೆಚ್ಚು ಅಭಿಮಾನಿಗಳಿದ್ದ ತಂಡ ಅದು. ಅದನ್ನು ಮತ್ತೆ ಎತ್ತಿ ನಿಲ್ಲಿಸಲು ಕರೆತಂದದ್ದು ಕಾನ್ಸ್ಟಂಟೀನ್ ಬೆಸ್ಕೊವ್ ಅವರನ್ನು. ಬೆಸ್ಕೊವ್ ಹುಟ್ಟಾ ಡೈನಮೊ ಮನುಷ್ಯ. 1945ರಲ್ಲಿ ಬ್ರಿಟನ್ನಿಗೆ ಹೋಗಿ ಹೆಸರು ಮಾಡಿ ಬಂದ ಡೈನಮೊ ಮಾಸ್ಕೋ ತಂಡದ ಆಟಗಾರ. ಮುಂದೆ ಅದೇ ತಂಡದ ಕೋಚ್ ಆಗಿ 1972ರಲ್ಲಿ ಅದನ್ನು ಯುರೋಪಿನ ಕಪ್ ವಿನ್ನರ್ಸ್ ಕಪ್ ಫೈನಲ್‌ಗೆ ಒಯ್ದವರು. ಡೈನಮೊ ಅಂದರೆ ಪೊಲೀಸರ, ಗುಪ್ತಚರರ ತಂಡ. ಸ್ಪಾರ್ತಕ್ ಅಭಿಮಾನಿಗಳಿಗೆ ಹುಟ್ಟಿನಿಂದ ಬಂದ ಹಗೆ.

ಇಂದು ‘ಸ್ಪಾರ್ತಕ್ ಶೈಲಿ’ ಎಂದು ರಷ್ಯದ ಹಳಬರು ಕಣ್ಣರಳಿಸಿ ಹೇಳುವುದರ ಬಹುಪಾಲು ಈ ಹೊರಗಿನವರು ಕಲಿಸಿದ್ದು. ಚೆಂಡು ಹುಲ್ಲು ಬಿಟ್ಟು ಮೇಲೇಳಬಾರದು, ಪಾಸು ಗಿಡ್ಡವಿರಬೇಕು, ಕೊಟ್ಟವನು ನಿಲ್ಲದೆ ಮುಂದೆ ಓಡಬೇಕು. ಘರಾನೆ ಎಂದಮೇಲೆ ಗುರುಪರಂಪರೆ ಇರಬೇಕಲ್ಲವೇ? ಇಲ್ಲಿ ಪರಂಪರೆಯ ದೊಡ್ಡ ಗುರುವೇ ಎದುರಾಳಿ ಮನೆಯಿಂದ ಬಂದವರು. ಸ್ಪಾರ್ತಕ್ ತನ್ನ ಬಗ್ಗೆ ಹೇಳಿಕೊಳ್ಳುವ ಕತೆಗೂ ಅದರ ಚರಿತ್ರೆಗೂ ನಡುವಿನ ಬಿರುಕು ಇಲ್ಲಿ ಮಾತ್ರವಲ್ಲ, ಮೊದಲಿನಿಂದಲೂ ಇದೆ.

ಕತೆ ಶುರುವಾಗುವುದು ಮಾಸ್ಕೋದ ಕ್ರಾಸ್ನಯಾ ಪ್ರೆಸ್ನ್ಯಾ ಎಂಬ ಕಾರ್ಮಿಕರ ಬಡಾವಣೆಯಲ್ಲಿ, 1922ರಲ್ಲಿ. ಅಲ್ಲಿನ ಹುಡುಗರು ಕಟ್ಟಿಕೊಂಡ ಕ್ರೀಡಾಕೂಟಕ್ಕೆ ಕೆಲವು ವರ್ಷಗಳಲ್ಲೇ ಆಹಾರೋದ್ಯಮದ ಕಾರ್ಮಿಕ ಸಂಘ ಪೋಷಕನಾಯಿತು. ಎದುರಾಳಿಗಳು ‘ಮಾಂಸ’ ಎಂದು ಹಂಗಿಸುತ್ತಿದ್ದದ್ದು ಅದಕ್ಕೇ. ಕೊನೆಗೆ ಸ್ಪಾರ್ತಕ್‌ನವರೇ ಅದನ್ನು ತಮ್ಮ ಜಯಘೋಷ ಮಾಡಿಕೊಂಡರು. 1930ರ ದಶಕದಲ್ಲಿ ತಂಡ ಕುಶಲಕರ್ಮಿಗಳು ಮತ್ತು ಸಣ್ಣ ತಯಾರಕರ ಸಹಕಾರ ಸಂಘಗಳ ಆಸರೆಗೆ ಬಂತು. 1935ರಲ್ಲಿ ಯುವಕಮ್ಯುನಿಸ್ಟ್ ಸಂಘಟನೆಯ ಮುಖ್ಯಸ್ಥ ಅಲೆಕ್ಸಾಂಡರ್ ಕೊಸರೆವ್ ಬೆಂಬಲದಿಂದ ಸ್ಪಾರ್ತಕ್ ಸೊಸೈಟಿ ಹುಟ್ಟಿತು. ಹೆಸರು ರೋಮಿನ ದಂಗೆಕೋರ ಗುಲಾಮನದು. ಇದೆಲ್ಲದರ ಚುಕ್ಕಾಣಿ ಹಿಡಿದವರು ನಾಲ್ವರು ಅಣ್ಣತಮ್ಮಂದಿರು: ನಿಕೊಲಾಯ್, ಅಲೆಕ್ಸಾಂಡರ್, ಆಂದ್ರೇಯ್, ಪ್ಯೋತರ್ ಸ್ತಾರೊಸ್ತಿನ್.

ಸೇನೆಗೊಂದು ತಂಡ, ಪೊಲೀಸರಿಗೊಂದು, ರೈಲ್ವೆಗೊಂದು, ಮೋಟಾರು ಕಾರ್ಖಾನೆಗೊಂದು. ಇವುಗಳ ನಡುವೆ ಯಾವ ಇಲಾಖೆಗೂ ಸೇರದ ‘ಜನರ ತಂಡ’ ಸ್ಪಾರ್ತಕ್ ಎಂಬುದು ಜನಪ್ರಿಯ ನಂಬಿಕೆ. ಇದರಲ್ಲಿ ಅರ್ಧ ನಿಜ. ಡೈನಮೊಗೆ ಬೈದು ಮನೆಗೆ ಹೋಗಬಹುದಾಗಿದ್ದ ಜಾಗ ಆ ದಿನಗಳಲ್ಲಿ ಕ್ರೀಡಾಂಗಣ ಒಂದೇ. ಸ್ಪಾರ್ತಕ್‌ಗೆ ಜೈ ಅನ್ನುವುದು ಅಧಿಕಾರಕ್ಕೆ ಸಣ್ಣದಾಗಿ ‘ಇಲ್ಲ’ ಅನ್ನುವ ದಾರಿಯೂ ಆಗಿತ್ತು. ಅಮೆರಿಕದ ಇತಿಹಾಸಕಾರ ರಾಬರ್ಟ್ ಎಡೆಲ್‌ಮನ್ ಈ ಕ್ಲಬ್ಬಿನ ಮೇಲೆ ಇಡೀ ಪುಸ್ತಕ ಬರೆದು ಇದನ್ನೇ ವಿವರಿಸಿದ್ದಾರೆ. ಆದರೆ ಸಹಕಾರ ಸಂಘಗಳ ಬಳಿ ದುಡ್ಡು ಧಾರಾಳವಾಗಿತ್ತು. ನಿಕೊಲಾಯ್ ಸ್ತಾರೊಸ್ತಿನ್ ಅದನ್ನು ಎಲ್ಲಿ, ಯಾರಿಗೆ, ಹೇಗೆ ಖರ್ಚು ಮಾಡಬೇಕೆಂದು ಬಲ್ಲ ನುರಿತ ವ್ಯವಹಾರಸ್ಥ. ಮುಗ್ಧ ಬಡವರ ತಂಡದ ಚಿತ್ರ ಇಲ್ಲಿಗೆ ಹೊಂದುವುದಿಲ್ಲ.

1936ರ ಜುಲೈಯಲ್ಲಿ ಕೆಂಪು ಚೌಕದಲ್ಲಿ ನಡೆದ ಕ್ರೀಡಾ ಮೆರವಣಿಗೆಯನ್ನೇ ನೋಡಿ. ಫುಟ್‌ಬಾಲ್ ಅಂದರೇನೆಂದು ಸ್ಟಾಲಿನ್‌ಗೆ ತೋರಿಸಬೇಕಿತ್ತು. ಕಲ್ಲುಹಾಸಿನ ಮೇಲೆ ಹಾಸಲು ಸ್ಪಾರ್ತಕ್‌ನವರು ದೊಡ್ಡ ಹಸಿರು ಕಂಬಳಿಯನ್ನೇ ಹೊಲಿಸಿದರು. ಅದರ ಮೇಲೆ ತಮ್ಮ ಮೊದಲ ತಂಡಕ್ಕೂ ಮೀಸಲು ತಂಡಕ್ಕೂ ಪಂದ್ಯ ಆಡಿಸಿದರು. ಗೋಲುಗಳು ಬಗೆಬಗೆಯಾಗಿ ಬೀಳುವಂತೆ ಮೊದಲೇ ಮಾತಾಗಿತ್ತು. ನಾಯಕನಿಗೆ ಬೇಸರವಾದರೆ ಕೊಸರೆವ್ ಕರವಸ್ತ್ರ ಬೀಸುವುದು, ತಕ್ಷಣ ಆಟ ನಿಲ್ಲಿಸುವುದೆಂದು ಏರ್ಪಾಡು. ಕರವಸ್ತ್ರ ಹೊರಬರಲಿಲ್ಲ; ಅರ್ಧ ಗಂಟೆಯ ಆಟ ನಲವತ್ತಮೂರು ನಿಮಿಷಕ್ಕೆ ಹಿಗ್ಗಿತು. ಅಧಿಕಾರದಿಂದ ದೂರವಿದ್ದ ತಂಡಕ್ಕೆ ಸಿಗುವ ಅವಕಾಶವೇ ಇದು?

ಅಧಿಕಾರದ ಹತ್ತಿರ ಹೋದವರಿಗೆ ಅದರ ಬಿಸಿಯೂ ತಟ್ಟಿತು. 1938, 1939 ಎರಡೂ ವರ್ಷ ಸ್ಪಾರ್ತಕ್ ಲೀಗನ್ನೂ ಕಪ್ಪನ್ನೂ ಗೆದ್ದಿತು. 1939ರ ಕಪ್ ಸೆಮಿಫೈನಲ್‌ನಲ್ಲಿ ಸೋತದ್ದು ಡೈನಮೊ ತ್ಬಿಲಿಸಿ, ಅಂದರೆ ಗುಪ್ತಚರ ಮುಖ್ಯಸ್ಥ ಲವ್ರೆಂತಿ ಬೇರಿಯಾ ಅವರ ತವರಿನ ತಂಡ. ಫೈನಲ್ ಮುಗಿದು ಕಪ್ ಕೈಸೇರಿದ ಮೇಲೆ ಆ ಸೆಮಿಫೈನಲ್ಲನ್ನು ಮತ್ತೆ ಆಡಬೇಕೆಂದು ಆಜ್ಞೆ ಬಂತು. ಜಗತ್ತಿನ ಫುಟ್‌ಬಾಲ್ ಚರಿತ್ರೆಯಲ್ಲಿ ಇಂಥ ಹುಚ್ಚಾಟ ಅಪರೂಪ. ಸ್ಪಾರ್ತಕ್ ಆಡಿತು, 3–2ರಿಂದ ಮತ್ತೆ ಗೆದ್ದಿತು. ಕೊಸರೆವ್‌ರನ್ನು ಆ ವರ್ಷವೇ ಗುಂಡಿಟ್ಟು ಕೊಂದಿದ್ದರು. 1942ರ ಮಾರ್ಚ್‌ನಲ್ಲಿ ನಾಲ್ವರು ಸ್ತಾರೊಸ್ತಿನ್‌ಗಳೂ ಬಂಧನಕ್ಕೊಳಗಾದರು. ತಲಾ ಹತ್ತು ವರ್ಷ ಶಿಕ್ಷೆ. ಸೆರೆಶಿಬಿರಗಳಲ್ಲೂ ನಿಕೊಲಾಯ್ ಫುಟ್‌ಬಾಲ್ ಕೋಚ್ ಆಗಿಯೇ ಬದುಕುಳಿದರು. ಶಿಬಿರದ ಅಧಿಕಾರಿಗಳಿಗೂ ತಮ್ಮ ತಂಡ ಗೆಲ್ಲಬೇಕಿತ್ತು. ಸ್ಟಾಲಿನ್ ತೀರಿಕೊಂಡ ಮೇಲೆ ಬಿಡುಗಡೆ, 1955ರಲ್ಲಿ ದೋಷಮುಕ್ತಿ, ಮತ್ತೆ ಸ್ಪಾರ್ತಕ್‌ನ ಯಜಮಾನಿಕೆ. ನಡುವೆ ಸ್ವಲ್ಪ ಕಾಲ ಬಿಟ್ಟರೆ 1996ರಲ್ಲಿ ತೀರಿಕೊಳ್ಳುವವರೆಗೂ ಅವರೇ ಆ ಮನೆಯ ಹಿರಿಯ.

ಕ್ಲಬ್ಬಿನ ದಂತಕತೆಗಳಲ್ಲಿ ಬಹಳಷ್ಟು ನಮಗೆ ತಲುಪಿರುವುದು ಈ ನಿಕೊಲಾಯ್ ಅವರ ನೆನಪುಗಳ ಮೂಲಕ. ಸೆರೆಮನೆ ಕಂಡು ಬಂದ ಮುದುಕನ ಮಾತಿಗೆ ಎದುರಾಡುವುದು ಯಾರಿಗೂ ಕಷ್ಟ. ಹಾಗೆಂದು ಬೇರಿಯಾ ಒಬ್ಬನೇ ಖಳ, ಸ್ಪಾರ್ತಕ್ ಬರೀ ಬಲಿಪಶು ಎಂಬ ನಿರೂಪಣೆಯನ್ನು ಇಡಿಯಾಗಿ ನುಂಗಬೇಕಾಗಿಲ್ಲ.

ಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ ಲೀಗು ಸೇನಾ ತಂಡದ್ದು, ಡೈನಮೊದ್ದು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯ ಎದುರು ಸೋತ ಸಿಟ್ಟಿಗೆ ಸೇನಾ ತಂಡವನ್ನೇ ವಿಸರ್ಜಿಸಲಾಯಿತು. ಸ್ಪಾರ್ತಕ್ ಗೆದ್ದ 1952, 1953ರ ಪ್ರಶಸ್ತಿಗಳ ಪಕ್ಕದಲ್ಲಿ ಈ ವಿವರವನ್ನೂ ಬರೆಯುವುದು ನ್ಯಾಯ. ಆದರೆ 1956ರ ಹೊತ್ತಿಗೆ ಸ್ಪಾರ್ತಕ್‌ಗೆ ಯಾರ ರಿಯಾಯಿತಿಯೂ ಬೇಕಿರಲಿಲ್ಲ. ಮೆಲ್ಬರ್ನ್ ಒಲಿಂಪಿಕ್ಸ್ ಫೈನಲ್ ಆಡಿದ ಸೋವಿಯತ್ ತಂಡದ ಹನ್ನೊಂದು ಮಂದಿಯಲ್ಲಿ ಎಂಟು ಜನ ಸ್ಪಾರ್ತಕ್‌ನವರು, ಮುಂಚೂಣಿಯ ಐವರೂ ಸೇರಿ. ಒಂದೇ ಗೋಲು ಹೊಡೆದು ಚಿನ್ನ ತಂದ ಅನತೋಲಿ ಇಲ್ಯಿನ್ ಕೂಡ ಅವರಲ್ಲೊಬ್ಬರು. ಅಂದು ಸೋತ ಯುಗೊಸ್ಲಾವಿಯ, ಸೆಮಿಫೈನಲ್‌ನಲ್ಲಿ ಭಾರತವನ್ನು 4–1ರಿಂದ ಸೋಲಿಸಿ ಬಂದಿತ್ತು. ನಮ್ಮ ಕರ್ನಾಟಕದ ಕೆಂಪಯ್ಯ ಇದ್ದ ಭಾರತ ತಂಡ ನಾಲ್ಕನೆಯ ಸ್ಥಾನ ಪಡೆದದ್ದು ಅದೇ ಕೂಟದಲ್ಲಿ.

ಚಿನ್ನ ಗೆದ್ದ ಆ ಸೋವಿಯತ್ ತಂಡದ ನಾಯಕ ಸ್ಪಾರ್ತಕ್‌ನ ಇಗೋರ್ ನೆತ್ತೊ. ಸಣಕಲು ಮೈ, ನೀಳ ಕತ್ತು. ಚೆಂಡನ್ನು ಸುಮ್ಮನೆ ದೂರ ಒದೆಯುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. 1962ರ ವಿಶ್ವಕಪ್‌ನಲ್ಲಿ ಉರುಗ್ವೆ ವಿರುದ್ಧ ಸೋವಿಯತ್ ತಂಡಕ್ಕೆ ರೆಫ್ರಿ ಗೋಲು ಕೊಟ್ಟಾಗ, ಚೆಂಡು ಪಕ್ಕದ ಬಲೆಯ ತೂತಿನಿಂದ ಒಳಹೋಯಿತೆಂದು ನೆತ್ತೊ ತಾವೇ ಹೇಳಿ ಅದನ್ನು ರದ್ದು ಮಾಡಿಸಿದರು. ಅವರ ಜೊತೆಗಾರ ನಿಕಿತಾ ಸಿಮೊನ್ಯಾನ್ 1950ರ ಒಂದೇ ಲೀಗಿನಲ್ಲಿ 34 ಗೋಲು ಹೊಡೆದವರು, ಮುಂದೆ ಕೋಚ್ ಆಗಿ 1962, 1969ರಲ್ಲಿ ಪ್ರಶಸ್ತಿ ಗೆಲ್ಲಿಸಿದವರು. ಶೈಲಿಯ ಬೀಜ ಇವರ ಕಾಲದ್ದು, ಅದನ್ನು ಅಲ್ಲಗಳೆಯಲಾಗದು. ಆದರೆ ಅದನ್ನು ಪಾಠಕ್ರಮವಾಗಿ ಬರೆದಿಡುವವರು ಇನ್ನೂ ಬಂದಿರಲಿಲ್ಲ.

ಬೆಸ್ಕೊವ್ ಮಾಡಿದ್ದು ಅದನ್ನೇ. ಕೆಳದರ್ಜೆಗೆ ಬಿದ್ದ ತಂಡಕ್ಕೆ ತಾರೆಗಳು ಬರುವುದಿಲ್ಲ. ಸೇನಾ ತಂಡಕ್ಕೆ ಬೇಕಾದ ಹುಡುಗನನ್ನು ಕಡ್ಡಾಯ ಸೈನ್ಯಸೇವೆಯ ನೆಪದಲ್ಲಿ ಎಳೆದುಕೊಳ್ಳಬಹುದಿತ್ತು. ಸ್ಪಾರ್ತಕ್‌ಗೆ ಆ ಕೈ ಇರಲಿಲ್ಲ. ಬೆಸ್ಕೊವ್ ಬೇರೆಯವರು ನೋಡದ ಕಡೆ ನೋಡಿದರು. ಗೋಲ್‌ಕೀಪರ್ ರಿನಾತ್ ದಸಾಯೆವ್ ಆಸ್ತ್ರಖಾನ್‌ನಿಂದ, ಸೆರ್ಗೇಯ್ ಶಾವ್ಲೊ ರಿಗಾದಿಂದ ಬಂದರು. ಡೈನಮೊ ಬಿಟ್ಟುಕೊಟ್ಟ ಯೂರಿ ಗವ್ರಿಲೊವ್ ಬಂದರು. ಕೊಸ್ತ್ರೊಮಾದ ಸಣ್ಣ ತಂಡದಲ್ಲಿದ್ದ ಗಿಯೋರ್ಗಿ ಯಾರ್ತ್ಸೆವ್‌ಗೆ ಆಗಲೇ ಇಪ್ಪತ್ತೊಂಬತ್ತರ ಆಸುಪಾಸು; ಮರುವರ್ಷ ಅವರೇ ಲೀಗಿನ ಅತ್ಯಧಿಕ ಗೋಲುಗಾರ. ಇದೇ ತಂಡ 1979ರಲ್ಲಿ ಸೋವಿಯತ್ ಚಾಂಪಿಯನ್.

ತರಾಸೊವ್ಕಾದ ಅಭ್ಯಾಸ ಮೈದಾನದಲ್ಲಿ ದಿನವೂ ನಡೆಯುತ್ತಿದ್ದದ್ದು ಸರಳ ಆಟ. ಇಕ್ಕಟ್ಟಾದ ಚೌಕ, ಅದರ ಅಂಚಿನಲ್ಲಿ ನಾಲ್ಕೈದು ಜನ, ನಡುವೆ ಚೆಂಡು ಕಸಿಯಲು ಒಬ್ಬಿಬ್ಬರು. ಒಂದೇ ತಾಗಿನಲ್ಲಿ ಚೆಂಡು ದಾಟಿಸಬೇಕು. ಎರಡು ಗಜ ಜಾಗ, ಅರೆ ಕ್ಷಣ ಪುರುಸೊತ್ತು. ಕಾಲಿಗಿಂತ ಮೊದಲು ಕಣ್ಣು ಓಡಬೇಕು, ಚೆಂಡು ಬರುವ ಮುಂಚೆ ಅದು ಎಲ್ಲಿಗೆ ಹೋಗಬೇಕೆಂದು ಗೊತ್ತಿರಬೇಕು. ಪಂದ್ಯದಲ್ಲಿ ಇದೇ ಗೋಡೆಪಾಸಾಗುತ್ತಿತ್ತು: ಎದುರಾಳಿ ಡಿಫೆಂಡರ್ ಹತ್ತಿರ ಬರುವವರೆಗೆ ಕಾಯುವುದು, ಪಕ್ಕದವನಿಗೆ ತಟ್ಟುವುದು, ಡಿಫೆಂಡರ್ ಬೆನ್ನ ಹಿಂದೆ ನುಗ್ಗಿ ವಾಪಸು ಪಡೆಯುವುದು. ಯಾರನ್ನೂ ಮೈಬಲದಿಂದ ತಳ್ಳಬೇಕಿಲ್ಲ, ಎಲ್ಲರಿಗಿಂತ ವೇಗವಾಗಿ ಓಡಬೇಕಿಲ್ಲ. ಬಲಿಷ್ಠ ಆಟಗಾರರನ್ನು ಆಯ್ದುಕೊಳ್ಳುವ ಅನುಕೂಲವಿಲ್ಲದ ತಂಡಕ್ಕೆ ಹೇಳಿ ಮಾಡಿಸಿದ ವಿದ್ಯೆ.

ಕೊರತೆಯೂ ಅಲ್ಲೇ ಇತ್ತು. 1980, 81, 83, 84, 85: ಆರು ವರ್ಷಗಳಲ್ಲಿ ಐದು ಸಲ ಎರಡನೇ ಸ್ಥಾನ. ಹದಗೆಟ್ಟ ಮೈದಾನದಲ್ಲಿ, ಒರಟು ಡಿಫೆನ್ಸ್ ಎದುರು, ಬಿಗಿಯಾದ ಪಂದ್ಯವನ್ನು ಹೇಗೋ ಎಳೆದುಕೊಂಡು ಗೆಲ್ಲುವ ಕಲೆ ಇವರಿಗೆ ಒಗ್ಗಲಿಲ್ಲ. ಅದೇ ಕಾಲದಲ್ಲಿ ಡೈನಮೊ ಕೀವ್ ತಂಡದ ಕೋಚ್ ವಲೇರಿ ಲೊಬನೊವ್ಸ್ಕಿ ವಿಜ್ಞಾನಿ ಅನತೋಲಿ ಝೆಲೆಂತ್ಸೊವ್ ಜೊತೆ ಕೂತು ಆಟಗಾರನ ಓಟ, ತಪ್ಪು, ದಣಿವು ಎಲ್ಲಕ್ಕೂ ಲೆಕ್ಕ ಇಡುತ್ತಿದ್ದರು. ಕೀವ್ 1980, 81, 85, 86ರಲ್ಲಿ ಗೆದ್ದಿತು. ಕಲೆ ಮತ್ತು ಯಂತ್ರದ ಜಗಳವೆಂದು ಪತ್ರಿಕೆಗಳು ಇದನ್ನು ಬಿಂಬಿಸಿದ್ದು ಅಷ್ಟೇನೂ ಸರಿಯಲ್ಲ. ಸೈದ್ಧಾಂತಿಕ ಕಟ್ಟುನಿಟ್ಟಿನಲ್ಲಿ, ಹಟದಲ್ಲಿ, ಆಟಗಾರರ ಮೇಲಿನ ಹಿಡಿತದಲ್ಲಿ ಬೆಸ್ಕೊವ್ ಲೊಬನೊವ್ಸ್ಕಿಗೆ ಒಂದಿಷ್ಟೂ ಕಡಿಮೆಯಿರಲಿಲ್ಲ.

1982 ಈ ತಂಡದ ಅತಿ ಎತ್ತರದ ವರ್ಷ, ಅತಿ ಕರಾಳ ವರ್ಷ ಕೂಡ. ಸೆಪ್ಟೆಂಬರ್‌ನಲ್ಲಿ ಯುಇಎಫ್‌ಎ ಕಪ್‌ನಲ್ಲಿ ಆರ್ಸೆನಲ್ಲನ್ನು ಮಾಸ್ಕೋದಲ್ಲಿ 3–2, ಲಂಡನ್ನಿನ ಹೈಬರಿಯಲ್ಲಿ 5–2 ಅಂತರದಿಂದ ಸೋಲಿಸಿದರು. ಹೈಬರಿಯ ಪ್ರೇಕ್ಷಕರು ಎದುರಾಳಿಗಳಿಗೆ ಎದ್ದು ಚಪ್ಪಾಳೆ ತಟ್ಟಿದರು. ಅಕ್ಟೋಬರ್ 20ರಂದು ಮಾಸ್ಕೋದ ಲುಝ್ನಿಕಿಯಲ್ಲಿ ಡಚ್ ತಂಡ ಹಾರ್ಲೆಮ್ ಜೊತೆ ಪಂದ್ಯ. ಕೊರೆಯುವ ಚಳಿ, ಮೆಟ್ಟಿಲ ಮೇಲೆ ಹೆಪ್ಪುಗಟ್ಟಿದ ಹಿಮ. ಪಂದ್ಯ ಮುಗಿಯುವ ಹೊತ್ತಿಗೆ ಜನ ಒಂದೇ ಮೆಟ್ಟಿಲಸಾಲಿನಲ್ಲಿ ಇಳಿಯುತ್ತಿದ್ದಾಗ ನೂಕುನುಗ್ಗಲಾಗಿ 66 ಜನ ಸತ್ತರು. ಹೆಚ್ಚಿನವರು ಹದಿಹರೆಯದವರು. ಕೊನೆಯ ನಿಮಿಷದಲ್ಲಿ ಎರಡನೇ ಗೋಲು ಹೊಡೆದ ಸೆರ್ಗೇಯ್ ಶ್ವೆತ್ಸೊವ್, ಆ ಗೋಲು ಹೊಡೆಯದಿದ್ದರೆ ಚೆನ್ನಾಗಿತ್ತು ಎಂದು ಮುಂದೆ ಹಲುಬಿದರು. ಮಾರನೆಯ ದಿನ ಸಂಜೆ ಪತ್ರಿಕೆಯಲ್ಲಿ ಬಂದದ್ದು ನಾಲ್ಕು ಸಾಲಿನ ಸುದ್ದಿ. ಸಾವಿನ ಲೆಕ್ಕ ದೇಶಕ್ಕೆ ಗೊತ್ತಾಗಲು 1989 ಆಗಬೇಕಾಯಿತು.

ಆ ತಂಡದಲ್ಲಿ ಕ್ಲಬ್ಬಿನ ಸ್ವಂತ ಶಾಲೆಯಲ್ಲೇ ಬೆಳೆದ ಮಿಡ್‌ಫೀಲ್ಡರ್ ಫ್ಯೋದರ್ ಚೆರೆಂಕೊವ್. ಸಪೂರ ದೇಹ, ಸಂಕೋಚದ ಸ್ವಭಾವ. ಇಬ್ಬರು ಡಿಫೆಂಡರ್‌ಗಳ ನಡುವೆ ಯಾರಿಗೂ ಕಾಣದ ಸಂದಿಯಲ್ಲಿ ಚೆಂಡು ತೂರಿಸುವ ಕಾಲು. 1983, 1989ರಲ್ಲಿ ವರ್ಷದ ಸೋವಿಯತ್ ಆಟಗಾರ. ಆದರೂ ಒಂದೇ ಒಂದು ವಿಶ್ವಕಪ್ ಆಡಲಿಲ್ಲ. 1986ರಲ್ಲಿ ಅವರನ್ನು ಕೈಬಿಟ್ಟವರು ಆಗಿನ ರಾಷ್ಟ್ರೀಯ ತಂಡದ ಕೋಚ್ ಲೊಬನೊವ್ಸ್ಕಿ ಎಂದು ಅಭಿಮಾನಿಗಳು ಇವತ್ತಿಗೂ ಹಲ್ಲು ಕಡಿಯುತ್ತಾರೆ. 1982ರಲ್ಲಿ ಅವರನ್ನು ಸ್ಪೇನಿನ ವಿಶ್ವಕಪ್‌ಗೆ ಒಯ್ಯದ ತಂಡದ ಮುಖ್ಯ ಕೋಚ್ ಬೆಸ್ಕೊವ್ ಅವರೇ ಎಂಬುದು ಮಾತ್ರ ಆ ದೂರಿನಲ್ಲಿ ಅಷ್ಟಾಗಿ ಬರುವುದಿಲ್ಲ.

1988ರ ಕೊನೆಗೆ ಬೆಸ್ಕೊವ್ ಹೊರಬಿದ್ದರು. ಅವರ ಕೈಯಲ್ಲೇ ಪಳಗಿದ್ದ ಒಲೆಗ್ ರೊಮಾಂತ್ಸೆವ್ ಕೋಚ್ ಆದರು. ಮೊದಲ ವರ್ಷವೇ, ಕೀವ್ ವಿರುದ್ಧ ಕೊನೆಯ ಗಳಿಗೆಯ ಫ್ರೀಕಿಕ್ ಗೋಲಿನಿಂದ, ಪ್ರಶಸ್ತಿ ಬಂತು. 1990–91ರ ಯುರೋಪಿಯನ್ ಕಪ್‌ನಲ್ಲಿ ಮರಡೋನಾ ಅವರ ನಾಪೊಲಿಯನ್ನು ಪೆನಾಲ್ಟಿಯಲ್ಲಿ ಹಿಮ್ಮೆಟ್ಟಿಸಿ, ರಿಯಲ್ ಮ್ಯಾಡ್ರಿಡ್ಡನ್ನು ಅದರದೇ ಬರ್ನಬ್ಯೂನಲ್ಲಿ 3–1ರಿಂದ ಸೋಲಿಸಿ ಸೆಮಿಫೈನಲ್‌ಗೆ ಹೋದರು. ಶೈಲಿ ಅಷ್ಟು ಪೂರ್ಣವಾಗಿ ಇನ್ನೊಮ್ಮೆ ಕಾಣಲಿಲ್ಲ.

ಯಾಕೆಂದರೆ ಅಷ್ಟರಲ್ಲಿ ದೇಶವೇ ಒಡೆಯಿತು. 1992ರಿಂದ 2001ರವರೆಗಿನ ಹತ್ತು ರಷ್ಯನ್ ಲೀಗ್‌ಗಳಲ್ಲಿ ಒಂಬತ್ತು ಸ್ಪಾರ್ತಕ್ ಪಾಲು. ಅಭಿಮಾನಿಗಳ ಪಾಲಿಗೆ ಸುವರ್ಣಯುಗ. ವಿಮರ್ಶಕನಿಗೆ ಅನುಮಾನದ ಕಾಲ. ಕೀವ್, ತ್ಬಿಲಿಸಿ, ಮಿನ್ಸ್ಕ್ ಎಲ್ಲ ಬೇರೆ ದೇಶಗಳಿಗೆ ಹೋಗಿದ್ದವು. ಚಾಂಪಿಯನ್ಸ್ ಲೀಗಿನ ದುಡ್ಡು ರಷ್ಯದಲ್ಲಿ ಬಹುತೇಕ ಇವರೊಬ್ಬರಿಗೇ. ದೊನೆತ್ಸ್ಕ್‌ನಿಂದ ಒನೊಪ್ಕೊ, ಒಡೆಸ್ಸಾದಿಂದ ತ್ಸಿಂಬಲಾರ್, ನಿಕಿಫೊರೊವ್ ಬಂದು ಸೇರಿದರು. ಇತರರು ನೋಡದ ಕಡೆ ನೋಡುತ್ತಿದ್ದ ಕ್ಲಬ್ಬು ಈಗ ಎಲ್ಲರ ಕಣ್ಣಿಗೆ ಬಿದ್ದ ಆಟಗಾರರನ್ನೇ ಸೆಳೆಯುತ್ತಿತ್ತು. 1995ರ ಚಾಂಪಿಯನ್ಸ್ ಲೀಗಿನಲ್ಲಿ ಬ್ಲ್ಯಾಕ್‌ಬರ್ನ್, ಲೆಗಿಯಾ, ರೊಸೆನ್‌ಬೋರ್ಗ್ ಇದ್ದ ಗುಂಪಿನಲ್ಲಿ ಆರಕ್ಕೆ ಆರೂ ಗೆದ್ದರು. ಚಳಿಗಾಲದಲ್ಲಿ ಆ ತಂಡದ ಬೆನ್ನೆಲುಬೇ ವಿದೇಶಕ್ಕೆ ಹೊರಟುಹೋಯಿತು. ವಸಂತದಲ್ಲಿ ಉಳಿದವರು ನಾಂತ್ ಎದುರು ಸೋತರು. ಆ ವರ್ಷಗಳ ಮಾಸ್ಕೋ ಎಂಥದ್ದೆಂದರೆ, 1997ರ ಜೂನ್‌ನಲ್ಲಿ ಕ್ಲಬ್ಬಿನ ಮಹಾನಿರ್ದೇಶಕಿ ಲರೀಸಾ ನೆಚಾಯೆವಾ ಗುಂಡೇಟಿಗೆ ಬಲಿಯಾದರು.

2003ರಲ್ಲಿ ರೊಮಾಂತ್ಸೆವ್ ಅವರನ್ನು ಕಳಿಸಿದ ಮೇಲೆ, ಅದರಲ್ಲೂ 2004ರಲ್ಲಿ ಲುಕಾಯಿಲ್ ತೈಲ ಕಂಪನಿಯ ಲಿಯೊನಿದ್ ಫೆದೂನ್ ಒಡೆಯರಾದ ಮೇಲೆ, ದುಡ್ಡಿಗೆ ಬರವಿರಲಿಲ್ಲ. ಬರ ಬಂದದ್ದು ತಾಳ್ಮೆಗೆ. ಬಂದ ಪ್ರತಿ ಕೋಚ್‌ನ ಮುಂದೆಯೂ ‘ಸ್ಪಾರ್ತಕ್ ಆಟ’ದ ಅಳತೆಗೋಲು ಹಿಡಿದರು, ಆದರೆ ಹುಡುಗರನ್ನು ಚೌಕದಲ್ಲಿ ತಿದ್ದಿ ತೀಡಲು ಬೇಕಾದ ವರ್ಷಗಳನ್ನು ಕೊಡಲಿಲ್ಲ. 2012ರಲ್ಲಿ ಬಂದ ಉನಾಯ್ ಎಮೆರಿ ಆರು ತಿಂಗಳೂ ತುಂಬುವ ಮೊದಲೇ, ಡೈನಮೊ ಎದುರು ಐದು ಗೋಲು ತಿಂದು ಸೋತ ದಿನವೇ, ಕೆಲಸ ಕಳೆದುಕೊಂಡರು. ಅದೇ ಎಮೆರಿ ಮುಂದೆ ಸೆವಿಯಾ ತಂಡಕ್ಕೆ ಸತತ ಮೂರು ಯುರೋಪಾ ಲೀಗ್ ಗೆದ್ದುಕೊಟ್ಟರು. ತುಷಿನೊದಲ್ಲಿ 2014ರಲ್ಲಿ ಸ್ವಂತ ಕ್ರೀಡಾಂಗಣವೂ ಎದ್ದಿತು, ಹೊರಗೆ ಬೃಹತ್ ಸ್ಪಾರ್ಟಕಸ್, ಒಳಗೆ ನಾಲ್ವರು ಸ್ತಾರೊಸ್ತಿನ್‌ಗಳ ಪ್ರತಿಮೆ. ಪ್ರತಿಮೆ ನಿಲ್ಲಿಸುವುದು ಕೋಚ್ ಒಬ್ಬರನ್ನು ಉಳಿಸಿಕೊಳ್ಳುವುದಕ್ಕಿಂತ ಸುಲಭವಿತ್ತೆಂದು ತೋರುತ್ತದೆ.

2017ರಲ್ಲಿ ಹದಿನಾರು ವರ್ಷಗಳ ಬಳಿಕ ಲೀಗ್ ಗೆಲ್ಲಿಸಿದ ಇಟಲಿಯ ಮಾಸ್ಸಿಮೊ ಕರೇರಾ ಈ ಅಳತೆಗೋಲನ್ನು ಅಷ್ಟಾಗಿ ಲೆಕ್ಕಿಸಲಿಲ್ಲ. ಗಟ್ಟಿ ಡಿಫೆನ್ಸ್, ಕೊನೆಯ ನಿಮಿಷದವರೆಗೂ ಬಿಡದ ಛಲ, ಮುಂದೆ ಡಚ್ ಆಟಗಾರ ಕ್ವಿನ್ಸಿ ಪ್ರೊಮೆಸ್‌ನ ವೇಗ. ಅಭಿಮಾನಿಗಳು ಬೀದಿಗಿಳಿದು ಕುಣಿದರು. ಯಾರೂ ಗೋಡೆಪಾಸು ಎಲ್ಲಿ ಎಂದು ಕೇಳಲಿಲ್ಲ. ಮರುವರ್ಷ ಗೆಲುವು ಕೈಕೊಟ್ಟಾಗ ಕೇಳತೊಡಗಿದರು.

ಈ ಶೈಲಿಯ ಬೆಲೆ ತೂಗಿದ್ದು ಯಾವಾಗಲೂ ದೇಶದ ಹೊರಗೆ, ಹೈಬರಿಯಲ್ಲಿ, ಬರ್ನಬ್ಯೂನಲ್ಲಿ. 2021ರ ಕೊನೆಯಲ್ಲೂ ನಾಪೊಲಿ, ಲೆಸ್ಟರ್ ಇದ್ದ ಯುರೋಪಾ ಲೀಗ್ ಗುಂಪಿನಲ್ಲಿ ಸ್ಪಾರ್ತಕ್ ಮೊದಲ ಸ್ಥಾನ ಪಡೆಯಿತು. ಮುಂದಿನ ಸುತ್ತಿನಲ್ಲಿ ಲೀಪ್‌ಜಿಗ್ ಎದುರಾಗಬೇಕಿತ್ತು. ಉಕ್ರೇನ್ ಮೇಲೆ ಯುದ್ಧ ಶುರುವಾದ ಕೆಲವೇ ದಿನಗಳಲ್ಲಿ, 2022ರ ಫೆಬ್ರುವರಿ 28ರಂದು, ರಷ್ಯದ ಎಲ್ಲ ತಂಡಗಳನ್ನೂ ಯುರೋಪಿನ ಕೂಟಗಳಿಂದ ಹೊರಗಿಡಲಾಯಿತು. ಲೀಪ್‌ಜಿಗ್ ಆಡದೆಯೇ ಮುಂದೆ ಹೋಯಿತು. ಆ ಮೇ ತಿಂಗಳಲ್ಲಿ ಸ್ಪಾರ್ತಕ್ ಡೈನಮೊವನ್ನು 2–1ರಿಂದ ಸೋಲಿಸಿ ರಷ್ಯನ್ ಕಪ್ ಗೆದ್ದಿತು, ಆಗಸ್ಟ್‌ನಲ್ಲಿ ಫೆದೂನ್ ಕ್ಲಬ್ ಬಿಟ್ಟರು. ಅಕಾಡೆಮಿಗೆ ಚೆರೆಂಕೊವ್ ಹೆಸರಿದೆ. ಅಲ್ಲಿ ಕಲಿಯುತ್ತಿರುವ ಹುಡುಗರು ಸದ್ಯಕ್ಕೆ ತಮ್ಮ ದೇಶದ ಲೀಗಿನ ತಂಡಗಳ ಎದುರಷ್ಟೇ ಆಡಬೇಕು.