‘ಸರ್ಕಾರಿ ದಾಖಲೆ, ಶಿರಸಿ’ ಅಂದರೆ ಯಾವುದು?

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಮನೆತನಗಳ ಚರಿತ್ರೆಗಳಲ್ಲಿ ಒಂದು ಅಡಿಟಿಪ್ಪಣಿ ಮತ್ತೆ ಮತ್ತೆ ಕಾಣುತ್ತದೆ: ‘ಸರ್ಕಾರಿ ದಾಖಲೆ, ಶಿರಸಿ’. ಇಷ್ಟನ್ನೇ ಹಿಡಿದು ಓದುಗ ಎಲ್ಲಿಗೆ ಹೋಗಿ ಹುಡುಕಬೇಕು? ಪಕ್ಕದ ಸೊರಬದ ಶಾಸನ ಉಲ್ಲೇಖಿಸುವಾಗ ನಾವು ‘ಎಪಿಗ್ರಾಫಿಯಾ ಕರ್ನಾಟಿಕ, ಸಂಪುಟ 8, ಸೊರಬ, ಇಂಥ ಸಂಖ್ಯೆ’ ಅಂತ ಬರೀತೇವೆ. ಅನುಮಾನ ಬಂದವರು ತೆಗೆದು ನೋಡಬಹುದು. ಕಲ್ಲಿಗಿರುವ ಈ ಮರ್ಯಾದೆ ಕಾಗದಕ್ಕೆ ಯಾಕಿಲ್ಲ?

ಸೊಪ್ಪಿನ ಬೆಟ್ಟದ ದಾಖಲೆಯನ್ನೇ ತಗೊಳ್ಳಿ. ಘಟ್ಟದ ಮೇಲಿನ ಈ ತಾಲೂಕುಗಳಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಬಿಡುವ ಕ್ರಮ ಬ್ರಿಟಿಷರ ಕಾಲದಿಂದ ಬಂದದ್ದು. ಅದು ಸೊಪ್ಪು, ದರಕು ತರುವ ಸವಲತ್ತು, ನೆಲ ಸರ್ಕಾರದ್ದೇ. ‘ಅಜ್ಜನಿಗೆ 27 ಎಕರೆ ಇತ್ತು’ ಅಂತ ಬರೆದವರು ನೋಡಿದ್ದು ಬೆಟ್ಟದ ಲೆಕ್ಕವಾದರೆ, ತೋಟ ಮೂರೇ ಎಕರೆ ಇದ್ದಿರಬಹುದು. ದಾಖಲೆ ಯಾತಕ್ಕಾಗಿ ಹುಟ್ಟಿತು ಅಂತ ಹೇಳದಿದ್ದರೆ ಅಂಕಿ ಸರಿಯಿದ್ದೂ ಚರಿತ್ರೆ ತಪ್ಪಾಗುತ್ತದೆ.

ಯಾವ ಆಡಳಿತದ ಕಾಗದ ಅನ್ನೋದೂ ಬೇಕು. ಈ ಜಿಲ್ಲೆ 1862ರ ತನಕ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಆಮೇಲೆ ಮುಂಬಯಿಗೆ ಸೇರಿತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. 1850ರ ಪತ್ರವ್ಯವಹಾರವನ್ನು ಮುಂಬಯಿಯಲ್ಲಿ ಮಾತ್ರ ಹುಡುಕಿ ‘ಏನೂ ಸಿಗಲಿಲ್ಲ’ ಅಂದರೆ ಒಪ್ಪೋದು ಹೇಗೆ?

ಹಲವರು ಕಡೆಗಣಿಸುವ ಇನ್ನೊಂದು ಆಕರ ಭೂ ನ್ಯಾಯಮಂಡಳಿಯ ಕಡತ. 1974ರ ಭೂಸುಧಾರಣೆಯ ನಂತರ ಗೇಣಿದಾರರು ಫಾರಂ ನಂ. 7ರಲ್ಲಿ ಅರ್ಜಿ ಹಾಕಿದರು. ಎಷ್ಟು ವರ್ಷದಿಂದ ಗೇಣಿ, ಯಾರ ಕಾಲದಿಂದ, ಒಡೆಯರ ತಕರಾರು ಏನು ಅನ್ನೋದೆಲ್ಲ ಒಂದೇ ಕಡತದಲ್ಲಿ ಸಿಗಬಹುದು. ತಾಮ್ರಪಟ, ವಂಶಾವಳಿ ಯಾವುದೂ ಇಲ್ಲದ ಮನೆಗಳಿಗೆ ಹಿರಿಯರ ಮಾತು ಬರಹದಲ್ಲಿ ಉಳಿದಿರುವ ಜಾಗ ಇದು. ಹಾಗಂತ ಅಲ್ಲಿರೋದೆಲ್ಲ ನಿಜ ಅಂತಲ್ಲ. ಶಾಸನದ ಪ್ರಶಸ್ತಿ ಭಾಗದಲ್ಲಿ ರಾಜ ಗೆದ್ದ ಅಂತಿದ್ದ ಮಾತ್ರಕ್ಕೆ ನಾವು ನಂಬ್ತೇವಾ? ಇಲ್ಲೂ ಅರ್ಜಿದಾರರ ಮಾತು ಯಾವುದು, ಒಡೆಯರದ್ದು ಯಾವುದು, ಮಂಡಳಿಯ ತೀರ್ಮಾನ ಯಾವುದು ಅಂತ ಬೇರೆ ಬೇರೆ ತೋರಿಸಬೇಕು.

ಆದ್ದರಿಂದ ಕಚೇರಿ, ಗ್ರಾಮ, ಸರ್ವೆ ನಂಬರ್, ಕಡತ ಸಂಖ್ಯೆ, ತಾರೀಖು, ಪುಟ, ಯಾರ ಹೇಳಿಕೆ, ನೋಡಿದ್ದು ಮೂಲವೋ ನಕಲೋ, ಇಷ್ಟನ್ನು ಬರೆಯಿರಿ. ಎರಡು ಸಾಲಿನ ಕೆಲಸ. ತೋಟದ ಒಡೆಯರ ಅಜ್ಜ, ಗೇಣಿದಾರರ ಅಜ್ಜ ಇಬ್ಬರೂ ಒಂದೇ ಕಡತದಲ್ಲಿದ್ದಾರೆ. ಒಬ್ಬರ ಪುಸ್ತಕದ ಅಡಿಟಿಪ್ಪಣಿ ಸರಿಯಿದ್ದರೆ ಇನ್ನೊಂದು ಮನೆಯವರಿಗೂ ತಮ್ಮವರು ಸಿಗ್ತಾರೆ.