ಚರ್ಚಿನೊಳಗಿನ ಜಾತಿ ಮತ್ತು ನಮ್ಮ ಸಾಲು

1959ರಲ್ಲಿ ಭಾರತಕ್ಕೆ ಬಂದಿದ್ದ ಮಾರ್ಟಿನ್ ಲೂಥರ್ ಕಿಂಗ್ ಕೇರಳದಲ್ಲಿ ದಲಿತ ಮಕ್ಕಳು ಓದುತ್ತಿದ್ದ ಶಾಲೆಯೊಂದಕ್ಕೆ ಹೋದರು. ಮುಖ್ಯೋಪಾಧ್ಯಾಯರು ಅವರನ್ನು ಅಮೆರಿಕದ ಅಸ್ಪೃಶ್ಯ ಬಂಧುವೆಂದು ಮಕ್ಕಳಿಗೆ ಪರಿಚಯಿಸಿದರಂತೆ. ಮೊದಲು ಕಸಿವಿಸಿಯಾದರೂ ಯೋಚಿಸಿದಾಗ ಆ ಮಾತು ನಿಜವೆನಿಸಿತೆಂದು ಕಿಂಗ್ 1965ರ ಪ್ರವಚನವೊಂದರಲ್ಲಿ ಹೇಳಿದ್ದಾರೆ. ಭಾನುವಾರ ಚರ್ಚಿಗೆ ಹೋಗುವ ಹೊತ್ತಿನಲ್ಲೇ ಅಮೆರಿಕ ಅತಿ ಹೆಚ್ಚು ಒಡೆದಿರುತ್ತದೆ ಎಂದವರೂ ಅವರೇ. ಅಲ್ಲಿ ಒಡೆದದ್ದು ಬಣ್ಣ, ಇಲ್ಲಿ ಜಾತಿ.

ನಮ್ಮ ಬಳ್ಳಾರಿ ಸೀಮೆಗೆ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲೇ ಬಂದರು. ಬೈಬಲ್ಲನ್ನು ಕನ್ನಡಕ್ಕೆ ತಂದವರಲ್ಲಿ ಅವರು ಮೊದಲಿಗರು. ಮುಂದೆ ತುಂಗಭದ್ರಾ ಅಣೆಕಟ್ಟು, ಸಂಡೂರಿನ ಗಣಿ, ಕಂಪ್ಲಿಯ ಗದ್ದೆಗಳು ನಾನಾ ಕಡೆಯ ದುಡಿಯುವ ಜನರನ್ನು ಕರೆದವು. ಕನ್ನಡ, ತೆಲುಗು, ತಮಿಳು, ಉರ್ದು ಇಲ್ಲಿ ಒಂದೇ ಓಣಿಯಲ್ಲಿ ಕೇಳುತ್ತವೆ. ವೈವಿಧ್ಯವೆಂದರೆ ನಾವು ಹೆಮ್ಮೆಯಿಂದ ಹಂಪಿಯ ಗುಡಿ, ಬಸದಿ, 1439ರ ಅಹಮದ್ ಖಾನನ ಮಸೀದಿಯನ್ನು ತೋರಿಸುತ್ತೇವೆ. ಆದರೆ ಕಟ್ಟಡಗಳು ಅಕ್ಕಪಕ್ಕ ನಿಂತ ಮಾತ್ರಕ್ಕೆ ಜನ ಅಕ್ಕಪಕ್ಕ ಕೂತು ಉಂಡರೆಂದು ಅರ್ಥವಲ್ಲ.

ಚರ್ಚಿನ ಮಾತೂ ಇಷ್ಟೇ. ಭಾರತದ ಕ್ಯಾಥೊಲಿಕ್ ಬಿಷಪ್‌ಗಳ ಮಂಡಳಿ 2016ರಲ್ಲಿ ದಲಿತ ಸಬಲೀಕರಣದ ನೀತಿಯೊಂದನ್ನು ಪ್ರಕಟಿಸಿ, ತಮ್ಮೊಳಗೇ ಅಸ್ಪೃಶ್ಯತೆ ಉಳಿದಿದೆ ಎಂದು ಒಪ್ಪಿಕೊಂಡಿತು. ಮೆಚ್ಚಬೇಕಾದ ಪ್ರಾಮಾಣಿಕತೆ. ಆದರೆ ಭಾರತೀಯರೊಬ್ಬರು ಮೊದಲು ಕಾರ್ಡಿನಲ್ ಆದದ್ದು 1953ರಲ್ಲಿ. ದಲಿತರೊಬ್ಬರು, ಹೈದರಾಬಾದಿನ ಆಂಥೋನಿ ಪೂಲಾ, ಆ ಪೀಠ ಏರಿದ್ದು 2022ರಲ್ಲಿ. ನಡುವಿನ 69 ವರ್ಷಗಳಿಗೆ ಏನು ಉತ್ತರ?

1950ರ ರಾಷ್ಟ್ರಪತಿ ಆದೇಶ ದಲಿತ ಕ್ರೈಸ್ತರನ್ನೂ ದಲಿತ ಮುಸ್ಲಿಮರನ್ನೂ ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗಿಟ್ಟಿತು. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಸಿಕ್ಕ ನ್ಯಾಯ ಇವರಿಗೆ ಇನ್ನೂ ಸಿಕ್ಕಿಲ್ಲ. ಆ ಬೇಡಿಕೆ ಸರಿಯಾದದ್ದೇ. ಆದರೆ ಸರ್ಕಾರದ ಮುಂದೆ ‘ನಮ್ಮಲ್ಲೂ ಜಾತಿ ಇದೆ’ ಎಂದು ಅರ್ಜಿ ಕೊಟ್ಟು, ಬಲಿಪೀಠದ ಮುಂದೆ ‘ನಮ್ಮಲ್ಲಿ ಜಾತಿಯೇ ಇಲ್ಲ’ ಎನ್ನುವುದು ಸಲ್ಲದು.

ಇದನ್ನು ಓದಿ ನಮ್ಮವರು ಬೀಗಬೇಕಾಗಿಲ್ಲ. ಪ್ರವಾದಿಯವರು (ಸ) ತಮ್ಮ ವಿದಾಯ ಪ್ರವಚನದಲ್ಲಿ, ಬಿಳಿಯನಿಗೆ ಕರಿಯನಿಗಿಂತ ಹೆಚ್ಚುಗಾರಿಕೆಯಿಲ್ಲ ಎಂದು ಸಾರಿದರು. ಅಬಿಸೀನಿಯಾದ ಬಿಲಾಲರಿಗೆ ಅಝಾನ್ ಕೊಡುವ ಗೌರವ ಕೊಟ್ಟರು. ನಾವೂ ಜುಮಾ ದಿನ ಭುಜಕ್ಕೆ ಭುಜ ತಾಗಿಸಿ ಸಾಲಿನಲ್ಲಿ ನಿಲ್ಲುತ್ತೇವೆ, ನಿಜ. ಆದರೆ ಮನೆಯಲ್ಲಿ ಉರ್ದು ಆಡದ ಪಿಂಜಾರರನ್ನು ಅರೆ ಮುಸ್ಲಿಮರಂತೆ ನೋಡುವವರು ಯಾರು? ಬಿಲಾಲರ ಕಥೆ ಹೇಳುವುದು ಸುಲಭ, ಪಿಂಜಾರರ ಮನೆಗೆ ಹೆಣ್ಣು ಕೊಡುವುದು ಕಷ್ಟ! ಅಶ್ರಫ್, ಅಜ್ಲಫ್, ಅರ್ಝಲ್ ಎಂಬ ಮೆಟ್ಟಿಲುಗಳನ್ನು 2006ರ ಸಾಚಾರ್ ವರದಿಯೂ ಗುರುತಿಸಿದೆ.

ಒಂದು ಧರ್ಮದ ಸಮಾನತೆಯನ್ನು ಅಳೆಯಬೇಕಾದದ್ದು ಅದರ ಗ್ರಂಥದಿಂದಲ್ಲ. ಮದುವೆಯ ಮಾತುಕತೆಯಲ್ಲಿ, ಸ್ಮಶಾನದ ಜಾಗದಲ್ಲಿ, ಆಡಳಿತ ಸಮಿತಿಯ ಹೆಸರುಗಳಲ್ಲಿ ಅದು ಬಯಲಾಗುತ್ತದೆ. ಪಾದ್ರಿಗಳೂ ಮೌಲ್ವಿಗಳೂ ಈ ಮೂರನ್ನು ಕುರಿತು ಬಹಿರಂಗವಾಗಿ ಮಾತಾಡುವ ದಿನ ಬರಲಿ. ಅಲ್ಲಿಯವರೆಗೆ ನಮ್ಮ ಸಾಲು ನಮಾಝ್ ಮುಗಿಯುವವರೆಗಿನ ಸಾಲು ಮಾತ್ರ.