ಕಡಲ ತಳದ ದಫ್ತರ

ನಮ್ಮ ಚೆನ್ನೈಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ಮೂವರನ್ನು 6,000 ಮೀಟರ್ ಆಳಕ್ಕೆ ಇಳಿಸಲೆಂದು ರೂಪಿಸಿದ ‘ಮತ್ಸ್ಯ 6000’ ವಾಹನದ ಸುದ್ದಿ ಓದಿ, ಕಚೇರಿಯ ಮಿತ್ರರೊಬ್ಬರು “ಅಷ್ಟು ಆಳದಲ್ಲಿ ಏನಿದೆಯಂತೆ?” ಎಂದು ಕೇಳಿದರು. ನಿಕ್ಕಲ್, ಕೋಬಾಲ್ಟ್ ಬೆರೆತ ಲೋಹದ ಗಂಟುಗಳಿವೆ ಎಂದೆ. “ಹಾಗಾದರೆ ಸರಿ” ಎಂದು ತಲೆಯಾಡಿಸಿದರು. ಉತ್ತರ ಕೊಟ್ಟ ನನಗೇ ಅದು ಸಾಲದೆನಿಸಿತು. ಮನೆಗೆ ಬಂದು ರೇಚೆಲ್ ಕಾರ್ಸನ್ ಅವರ ‘ದಿ ಸೀ ಅರೌಂಡ್ ಅಸ್’ ಪುಸ್ತಕವನ್ನು ಮತ್ತೊಮ್ಮೆ ಓದಿದೆ.

ಕಾರ್ಸನ್ (1907–1964) ನಮ್ಮಂತೆಯೇ ಸರಕಾರಿ ನೌಕರಿಯಲ್ಲಿದ್ದವರು. ಅಮೆರಿಕದ ಮೀನುಗಾರಿಕೆ ಇಲಾಖೆಯ ಪುಸ್ತಿಕೆಗೆಂದು ಕಡಲಿನ ಬಗ್ಗೆ ಬರೆದುಕೊಟ್ಟಾಗ, ಇದು ಇಲಾಖೆಗೆ ತೀರ ಹೆಚ್ಚಾಯಿತು, ‘ಅಟ್ಲಾಂಟಿಕ್ ಮಂತ್ಲಿ’ಗೆ ಕಳಿಸಿ ಎಂದರಂತೆ ಮೇಲಧಿಕಾರಿ. (ಅಂಥವರು ಎಲ್ಲರಿಗೂ ಸಿಗುವುದಿಲ್ಲ!) 1937ರಲ್ಲಿ ಅದು ಅಚ್ಚಾಯಿತು. 1951ರಲ್ಲಿ ಬಂದ ಈ ಪುಸ್ತಕಕ್ಕೆ ಮರುವರ್ಷ ನ್ಯಾಷನಲ್ ಬುಕ್ ಅವಾರ್ಡ್ ದೊರೆಯಿತು.

ಕಡಲ ಸಂಪತ್ತಿನ ಅಧ್ಯಾಯ ನನಗೆ ರುಚಿಸಲಿಲ್ಲ. ಬ್ರೋಮಿನ್, ಮೆಗ್ನೀಸಿಯಂ, ಎಣ್ಣೆ ಎಂದು ಸಾಗುವಾಗ ಇಲಾಖಾ ವರದಿಯ ವಾಸನೆ ಬರುತ್ತದೆ. ಆದರೆ ಫ್ರಿಟ್ಜ್ ಹೇಬರರ ಪ್ರಸಂಗ ಅಲ್ಲಿಯೇ ಇದೆ. ಮೊದಲನೆಯ ಮಹಾಯುದ್ಧದಲ್ಲಿ ಸೋತ ಜರ್ಮನಿಯ ಸಾಲವನ್ನು ಕಡಲ ನೀರಿನ ಚಿನ್ನದಿಂದ ತೀರಿಸಲು ಹೊರಟ ರಸಾಯನಶಾಸ್ತ್ರಜ್ಞ ಈತ. ‘ಮೀಟಿಯರ್’ ಹಡಗು 1925ರಿಂದ 1927ರವರೆಗೆ ದಕ್ಷಿಣ ಅಟ್ಲಾಂಟಿಕ್ ಸುತ್ತಿತು. ಚಿನ್ನ ತೆಗೆಯುವ ಖರ್ಚು ಚಿನ್ನದ ಬೆಲೆಯನ್ನೇ ಮೀರುವಂತಿತ್ತು. ಬದಲಿಗೆ, ಪ್ರತಿಧ್ವನಿಯಿಂದ ಆಳ ಅಳೆದ ಆ ಹಡಗು ನಡುಗಡಲಿನ ಪರ್ವತಶ್ರೇಣಿಯ ಆಕಾರವನ್ನು ತೋರಿಸಿಕೊಟ್ಟಿತು. ಹೇಬರರ ಲೆಕ್ಕದಲ್ಲಿ ಈ ಲಾಭಕ್ಕೆ ಕಲಮೇ ಇರಲಿಲ್ಲ.

ಪುಸ್ತಕದ ಜೀವವಿರುವುದು ‘ಸುದೀರ್ಘ ಹಿಮಪಾತ’ ಎಂಬರ್ಥದ ಅಧ್ಯಾಯದಲ್ಲಿ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳ ಚಿಪ್ಪು, ಜ್ವಾಲಾಮುಖಿಯ ಬೂದಿ, ಮರುಭೂಮಿಯ ಮರಳು, ಉಲ್ಕೆಯ ಧೂಳು ಎಲ್ಲವೂ ಯುಗಯುಗಗಳಿಂದ ಸದ್ದಿಲ್ಲದೆ ತಳಕ್ಕೆ ಉದುರುತ್ತಲೇ ಇವೆ. ಕೊಳವೆಯಿಳಿಸಿ ಆ ಮಡ್ಡಿಯನ್ನು ಮೇಲೆತ್ತಿದರೆ, ತಣ್ಣೀರಿನ ಜೀವಿಗಳ ಚಿಪ್ಪು ಯಾವ ಪದರದಲ್ಲಿ, ಬೆಚ್ಚನೆಯ ನೀರಿನವು ಯಾವುದರಲ್ಲಿ ಎಂದು ನೋಡಿ ಹಿಮಯುಗಗಳ ಬರುಹೋಗನ್ನು ಹೇಳಬಹುದು. ಒಂದು ಕಡತ ಹುಡುಕಲು ವಾರ ಹಿಡಿಯುವ ದಫ್ತರಗಳನ್ನು ಕಂಡ ನನಗೆ ಈ ದಫ್ತರದ ಅಚ್ಚುಕಟ್ಟುತನ ಅಸೂಯೆ ಹುಟ್ಟಿಸಿತು.

ತಪ್ಪುಗಳಿಲ್ಲವೆಂದಲ್ಲ. ಚಂದ್ರನು ಪೆಸಿಫಿಕ್ ಸಾಗರದ ಜಾಗದಿಂದ ಕಿತ್ತುಹೋದ ತುಂಡು ಎಂಬ ಊಹೆಗೆ ಅವರು ಕೊಟ್ಟ ಮನ್ನಣೆ ಇಂದು ನಿಲ್ಲದು. ಹಿಂದೂ ಮಹಾಸಾಗರದಲ್ಲಿ 1,000 ಅಡಿಗಿಂತ ದಪ್ಪದ ಮಡ್ಡಿ ಕಂಡಿಲ್ಲವೆಂದೂ ಬರೆದಿದ್ದಾರೆ. ನಾವು ಸಂಜೆ ಕಡಲೆಕಾಯಿ ಮೆಲ್ಲುತ್ತ ಕೂರುವ ಮೆರೀನಾದ ಮುಂದೆ ಹರಡಿರುವ ಬಂಗಾಳ ಕೊಲ್ಲಿಯಲ್ಲಿ, ಗಂಗೆ-ಬ್ರಹ್ಮಪುತ್ರೆಯರು ಹಿಮಾಲಯವನ್ನು ಅರೆದು ತಂದು ಸುರಿದ ಮಣ್ಣು ಕೆಲವೆಡೆ 16 ಕಿಲೋಮೀಟರ್ ದಪ್ಪವಿದೆಯೆಂದು ಆಮೇಲೆ ತಿಳಿಯಿತು. 2015ರ ಸುಮಾರಿಗೆ ಅಲ್ಲಿ ಕೊರೆದು ತೆಗೆದ ಪದರಗಳಲ್ಲಿ ವಿಜ್ಞಾನಿಗಳು ನಮ್ಮ ಮುಂಗಾರಿನ ಪೂರ್ವಚರಿತ್ರೆಯನ್ನು ಹುಡುಕಿದ್ದಾರೆ.

1961ರ ಆವೃತ್ತಿಯ ಮುನ್ನುಡಿಯಲ್ಲಿ ಲೇಖಕಿಯ ದನಿ ಬದಲಾಗಿದೆ. ಅಣುವಿಕಿರಣದ ಕಸವನ್ನು ಪೀಪಾಯಿಗಳಲ್ಲಿ ತುಂಬಿ ಕಡಲಿಗೆ ಎಸೆಯಲಾಗುತ್ತಿತ್ತು. ಪರಿಣಾಮವನ್ನು ತಿಳಿಯುವ ಮೊದಲೇ ಕೆಲಸ ನಡೆದುಬಿಡುತ್ತಿದೆ ಎಂಬುದು ಅವರ ದೂರು. ಮಿತ್ರರಿಗೆ ನಾನು ಹೇಳಿದ ಗಂಟುಗಳೂ ಅದೇ ಮಡ್ಡಿಯ ಮೇಲೆಯೇ ಇವೆ. ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವಂಥವು. ಬಾಚಿ ತೆಗೆದರೆ ಆ ದಫ್ತರದ ಮೇಲಿನ ಹಾಳೆಗಳು ಹರಿಯುವುದು ಖಂಡಿತ.

ಮಿತ್ರರಿಗೆ ಪುಸ್ತಕ ಕೊಟ್ಟಿದ್ದೇನೆ. ಸಂಪತ್ತಿನ ಅಧ್ಯಾಯದಿಂದಲೇ ಆರಂಭಿಸಿದ್ದಾರಂತೆ.